ಹುಲಿಹೈದರಕ್ಕೆ ಶರಣು ಹೇಳುವ ಹೊತ್ತು

ಮನೆಯ ಸಾಮಾನು ಕಟ್ಟುವ ಕೆಲಸ ಆರಂಭವಾಗಿ ಇಂದಿಗೆ ಎಂಟು ದಿನಗಳಾದವು. ಪಡಸಾಲೆಯ ತುಂಬ ಗೋಣಿಚೀಲಗಳು, ರಟ್ಟಿನ ಪೆಟ್ಟಿಗೆಗಳು. ಅವುಗಳ ನಡುವೆ ದಾರಿ ಮಾಡಿಕೊಂಡು ದೇವರ ಕೋಣೆಗೆ ಹೋಗಿ ಬೆಳಗಿನ ಇಷ್ಟಲಿಂಗ ಪೂಜೆಗೆ ಕುಳಿತರೂ ಕಣ್ಣು ಮತ್ತೆ ಮತ್ತೆ ಬಾಗಿಲ ಬಳಿಯ ಬೀಸುವ ಕಲ್ಲಿನತ್ತ ಹೊರಳುತ್ತದೆ. ಅದನ್ನು ಒಯ್ಯಬೇಕೋ ಬಿಡಬೇಕೋ ಎಂಬುದೇ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ಏಕೈಕ ಪ್ರಶ್ನೆ. ಬೆಂಗಳೂರಿನ ಮೂರನೆಯ ಅಂತಸ್ತಿನ ಮನೆಯಲ್ಲಿ ಬೀಸುವ ಕಲ್ಲಿಗೆ ಸ್ಥಳವೆಲ್ಲಿ ಎಂದು ಮಗ ದೂರವಾಣಿಯಲ್ಲಿ ನಕ್ಕ. ಶ್ರೀಮತಿಯವರು ನಗಲಿಲ್ಲ.

ನಾವು ಶಿಕ್ಷಕ ವೃತ್ತಿಯ ನಿಮಿತ್ತ ಹುಲಿಹೈದರಕ್ಕೆ ಬಂದದ್ದು 1984ರಲ್ಲಿ. ಬರುವಾಗ ಒಂದು ತಗಡಿನ ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಒಂದು ಲಾಟೀನು ಇದ್ದವು. 2018ರಲ್ಲಿ ನಿವೃತ್ತರಾದ ಮೇಲೂ ಇಲ್ಲಿಯೇ ಉಳಿದೆವು. ಈಗ ಶ್ರೀಮತಿಯವರ ಮೊಣಕಾಲು, ನಮ್ಮ ಕಣ್ಣು, ಎರಡೂ ಕೈಕೊಟ್ಟಿರುವುದರಿಂದ ಮಗನ ಒತ್ತಾಯಕ್ಕೆ ಮಣಿದಿದ್ದೇವೆ. ಮಹಾಶಿವರಾತ್ರಿಗೆ ಮೊದಲು ಹೊರಡಬೇಕೆಂದು ನಿಶ್ಚಯವಾಗಿದೆ.

ಹೊರ ಊರಿನ ಬಂಧುಗಳಿಗೆ ನಮ್ಮ ಊರಿನ ಹೆಸರು ಹೇಳಿದೊಡನೆ ಎದುರಾಗುವ ಪ್ರಶ್ನೆ ಒಂದೇ: "ಅಲ್ಲಿ ಹುಲಿ ಇದೆಯೇ? ಹೈದರ ಯಾರು?" ಹುಲಿಯನ್ನು ನಾವಂತೂ ಕಾಣಲಿಲ್ಲ. ಈ ಸೀಮೆಯ ಕಲ್ಲುಗುಡ್ಡಗಳಲ್ಲಿ ಕರಡಿಯುಂಟು, ಚಿರತೆಯುಂಟು, ಕುರುಚಲು ಬಯಲಿನಲ್ಲಿ ತೋಳವುಂಟು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ 332 ಹೆಕ್ಟೇರಿನ ಧಾಮವೊಂದು ಇದೆಯೆಂದರೆ ಓದುಗರು ಆಶ್ಚರ್ಯಪಡಬಹುದು. ಕುರಿಗಾರರ ಮಕ್ಕಳಿಗೆ ಪಾಠ ಹೇಳಿದ ನಮಗೆ ಆಶ್ಚರ್ಯವಿಲ್ಲ. "ರಾತ್ರಿ ತೋಳ ಬಂದಿತ್ರಿ ಸರ, ಅದಕ್ಕ ನಿದ್ದಿ ಇಲ್ಲ" ಎಂಬ ಕಾರಣವನ್ನು ನಾವು ಅದೆಷ್ಟೋ ಬೆಳಗು ಕೇಳಿ ಕ್ಷಮಿಸಿದ್ದೇವೆ.

ಮನೆ ಕದಲದೆಯೇ ವಿಳಾಸ ಬದಲಾಗುವ ಸೋಜಿಗವನ್ನೂ ಈ ಊರು ನಮಗೆ ತೋರಿಸಿತು. ನಮ್ಮ ನೇಮಕದ ಆದೇಶದಲ್ಲಿ ಇರುವುದು ರಾಯಚೂರು ಜಿಲ್ಲೆ, ಗಂಗಾವತಿ ತಾಲೂಕು. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಮುಂದೆ ಕನಕಗಿರಿಯೇ ತಾಲೂಕು ಕೇಂದ್ರವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಕಲ್ಯಾಣವೆಂಬ ಶಬ್ದ ಕಿವಿಗೆ ಬಿದ್ದರೆ ಪುಳಕಗೊಳ್ಳದ ಶರಣರ ಮನೆಯುಂಟೆ? ಆದರೂ ಊರಿನ ಹಿರಿಯರ ಬಾಯಿಂದ ನಿಜಾಮರ ಕಾಲದ ಮಾತುಗಳು ಹೋಗಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ಆ ಆಳ್ವಿಕೆಯಲ್ಲಿತ್ತು. ಹೊಲದ ಲೆಕ್ಕ ಹೇಳುವಾಗ, ಕಚೇರಿಯ ಮಾತು ಬಂದಾಗ ಇಂದಿಗೂ ಉರ್ದು ಶಬ್ದಗಳು ಕನ್ನಡದ ಪಕ್ಕದಲ್ಲಿ ಕುಳಿತೇ ಮಾತನಾಡುತ್ತವೆ.

ಹೊರಡುವುದು ಖಚಿತವಾದ ಮೇಲೆ ಸುತ್ತಲ ಸ್ಥಳಗಳನ್ನು ಇನ್ನೊಮ್ಮೆ ನೋಡಬೇಕೆಂಬ ಹಂಬಲ ಹುಟ್ಟಿತು. ಮೊದಲು ಕನಕಗಿರಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ನಾಣ್ಣುಡಿ ನಾಡಿಗೆಲ್ಲ ಗೊತ್ತು. ಕಣ್ಣು ಮಂಜಾದ ನಾವು, ಕಾಲು ಸೋತ ಶ್ರೀಮತಿಯವರು ಜೊತೆಯಾಗಿ ಹೊರಟಾಗ ಈ ಗಾದೆಯನ್ನು ನೆನೆದು ನಕ್ಕೆವು. ವಿಜಯನಗರದ ಅಧೀನದಲ್ಲಿದ್ದ ನಾಯಕರು ಕಟ್ಟಿಸಿದ ಕನಕಾಚಲಪತಿ ದೇವಾಲಯದ ಮಂಟಪದಲ್ಲಿ ಕಂಬಗಳನ್ನು ಈ ಸಲ ಕಣ್ಣಿನಿಂದಲ್ಲ, ಅಂಗೈಯಿಂದ ನೋಡಿದೆವು. ವೆಂಕಟಪ್ಪನಾಯಕನ ಬಾವಿಯ ಮೆಟ್ಟಿಲು ಇಳಿಯುವುದು ಆಗಲಿಲ್ಲ. ಮೇಲೆಯೇ ಕುಳಿತು, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತಂದ ದಿನಗಳನ್ನು ನೆನೆದೆವು. ಅಷ್ಟು ಚೆಲುವಾದ ಬಾವಿಯನ್ನು ನಾಡು ಇನ್ನೂ ಸರಿಯಾಗಿ ಕಂಡಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು ಕೊಪ್ಪಳದ ಗವಿಮಠ. ಪುಷ್ಯಮಾಸದ ಜಾತ್ರೆಗೆ ನಾವು ತಪ್ಪಿಸಿಕೊಂಡ ವರ್ಷಗಳು ಕಡಿಮೆ. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಬರುವುದನ್ನು ಕಾಣದವರಿಗೆ ವರ್ಣಿಸಿ ಹೇಳುವುದು ಕಷ್ಟ. ಕಟಗು ರೊಟ್ಟಿಯ ರಾಶಿ ಗೋಡೆಯಂತೆ ನಿಂತಿರುತ್ತದೆ. ಯಾವ ಊರಿನ ರೊಟ್ಟಿ, ಯಾವ ಓಣಿಯದು, ಯಾವ ತಾಯಿ ತಟ್ಟಿದ್ದು ಎಂದು ಕೇಳುವವರಿಲ್ಲ. ಶ್ರೀಮತಿಯವರು ಪ್ರತಿವರ್ಷ ನೂರೊಂದು ರೊಟ್ಟಿ ತಟ್ಟಿ ಕಳುಹಿಸುತ್ತಿದ್ದರು. ಈ ವರ್ಷ ಇಪ್ಪತ್ತೊಂದಕ್ಕೆ ಕೈ ನಿಂತಿತು. ಉಳಿದ ಎಂಬತ್ತನ್ನು ಓಣಿಯ ಹೆಣ್ಣುಮಕ್ಕಳು ತಾವಾಗಿಯೇ ಬಂದು, ನಮ್ಮ ಹಿಟ್ಟಿನಲ್ಲಿಯೇ, ನಮ್ಮ ಒಲೆಯ ಮೇಲೆಯೇ ತಟ್ಟಿ ಪೂರೈಸಿದರು. ಲೆಕ್ಕ ತಪ್ಪಬಾರದೆಂದು ಅವರು ಎಣಿಸಿದ ರೀತಿಯನ್ನು ಕಂಡಾಗ, ಗಣಿತ ಕಲಿಸಿದ ನಮ್ಮ ಜೀವನ ವ್ಯರ್ಥವಾಗಲಿಲ್ಲ ಎನಿಸಿತು. ಅದೇ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಿವೆ. ಮಕ್ಕಳಿಗೆ ಅದನ್ನು ಎಷ್ಟು ಬಾರಿ ಹೇಳಿದ್ದರೂ ಅವರ ನೆನಪಿನಲ್ಲಿ ಉಳಿದದ್ದು ದಾಸೋಹದ ಮಾದಲಿಯೇ. ಅದು ತಪ್ಪೆಂದು ನಾವು ಭಾವಿಸುವುದಿಲ್ಲ.

ಈ ನೆಲದ ಕಷ್ಟದ ಮಾತನ್ನು ಬಿಟ್ಟು ಬರೀ ಚೆಲುವನ್ನು ಬರೆದರೆ ಅಸತ್ಯವಾದೀತು. ಗಂಗಾವತಿಯ ಕಡೆ ಹೋದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಕಣ್ಣು ತಣಿಸುತ್ತವೆ. ನಮ್ಮ ಭಾಗ ಮಳೆಯನ್ನೇ ನಂಬಿದ ಎರಿ ಮತ್ತು ಮಸಾರಿ ಭೂಮಿ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಬಂದರೆ. ಸಜ್ಜೆ, ಜೋಳ, ತೊಗರಿ, ಕಡಲೆ, ಶೇಂಗಾ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಕಾಟ ಜಿಲ್ಲೆಯ ಹಲವೆಡೆ ಇದೆ. ನಗುವ ಮಗುವಿನ ಹಲ್ಲಿನ ಮೇಲಿನ ಕಂದುಗೆರೆ ನೋಡಿ ಯಾವ ಕಡೆಯ ನೀರು ಕುಡಿದು ಬೆಳೆದದ್ದೆಂದು ನಾವು ಊಹಿಸುತ್ತಿದ್ದೆವು.

ಆದ್ದರಿಂದಲೇ ಗುಳೆ. ಸುಗ್ಗಿ ಮುಗಿದು ಕಣ ಬರಿದಾದೊಡನೆ ಇಲ್ಲಿಯ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಮಂಗಳೂರು, ಉಡುಪಿ, ಗೋವೆ ಎಂದು ದುಡಿಮೆಯನ್ನು ಹುಡುಕಿಕೊಂಡು ಹೋದವರು ಕಾರಹುಣ್ಣಿಮೆಯ ಹೊತ್ತಿಗೆ ಬಿತ್ತನೆಗೆ ತಿರುಗಿ ಬರುತ್ತಾರೆ. ಹೋಗುವಾಗ ಬೆನ್ನಿಗೆ ಮಕ್ಕಳು. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ನಾವು ಪೆನ್ಸಿಲಿನಿಂದ 'ಗುಳೆ' ಎಂದು ಬರೆದುಕೊಳ್ಳುತ್ತಿದ್ದೆವು. ಪೆನ್ಸಿಲಿನಿಂದ ಏಕೆಂದರೆ ಬಂದೊಡನೆ ಅಳಿಸಬಹುದು.

ಒಬ್ಬ ಹುಡುಗನ ವಿಷಯದಲ್ಲಿ ನಾವು ಪೆನ್ಸಿಲನ್ನು ಬಿಟ್ಟು ಶಾಯಿಯನ್ನು ಬಳಸಿದೆವು. ಸತತ ಗೈರುಹಾಜರಿಯ ಪಟ್ಟಿಯನ್ನು ಸರಿಪಡಿಸುವ ಆತುರದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದಿದ್ದೆವು. ಆಷಾಢದ ಒಂದು ಬೆಳಗು ಅವನು ಪಾಟಿ ಹಿಡಿದು ಬಾಗಿಲಲ್ಲಿ ನಿಂತ. "ನಿನ್ನ ಹೆಸರು ಇಲ್ಲಪ್ಪ, ತಂದೆಯನ್ನು ಕರೆದುಕೊಂಡು ಬಾ" ಎಂದೆವು. ಅವನು ಏನನ್ನೂ ಹೇಳದೆ ತಿರುಗಿ ಹೋದ. ತಂದೆಯೂ ಬರಲಿಲ್ಲ, ಅವನೂ ಬರಲಿಲ್ಲ. ಮರುವಾರ ಅವರ ಮನೆಗೆ ಹೋದಾಗ ಬೀಗವಿತ್ತು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ನಮಗೆ ಸನ್ಮಾನಗಳಾದವು, ಶಾಲು ಹೊದಿಸಿದರು. ಆ ಕೆಂಪು ಗೆರೆಯನ್ನು ಮಾತ್ರ ಯಾವ ಶಾಲೂ ಮುಚ್ಚಲಿಲ್ಲ.

2020ರ ಬೇಸಿಗೆಯಲ್ಲಿ ದೇಶವೆಲ್ಲ ಸ್ತಬ್ಧವಾದಾಗ ಗುಳೆ ಹೋದವರೆಲ್ಲ ಒಮ್ಮೆಲೇ ಊರಿಗೆ ಮರಳಿದರು. ಲಾರಿಯಲ್ಲಿ ಬಂದವರು, ಬಸ್ಸಿನಲ್ಲಿ ಬಂದವರು, ಅರ್ಧ ದಾರಿ ನಡೆದೇ ಬಂದವರು. ನಾವು ಕಂಡಂತೆ ವೈಶಾಖದಲ್ಲಿ ಈ ಸೀಮೆಯ ಹಳ್ಳಿಗಳು ಅಷ್ಟು ತುಂಬಿದ್ದು ಅದೊಂದೇ ವರ್ಷ. ದೂರದಲ್ಲಿ ನಿಂತು ಪ್ರತಿಯೊಬ್ಬ ನಡುವಯಸ್ಸಿನವನ ಮುಖವನ್ನೂ ನೋಡಿದೆವು. ಮುಖವಸ್ತ್ರದ ಮೇಲಿನ ಕಣ್ಣುಗಳಿಂದ ಆ ಹುಡುಗನನ್ನು ಗುರುತಿಸುವುದು ಹೇಗೆ?

ಇನ್ನೊಂದು ನೋವನ್ನೂ ಬರೆಯಲೇಬೇಕು. 2022ರ ಆಗಸ್ಟಿನಲ್ಲಿ ನಮ್ಮ ಊರಿನಲ್ಲಿ ಗುಂಪು ಘರ್ಷಣೆಯಾಗಿ ಎರಡು ಜೀವಗಳು ಹೋದವು. ಹುಲಿಹೈದರದ ಹೆಸರು ನಾಡಿನ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಆಗಲೇ. ಓಣಿಗಳಲ್ಲಿ ಪೊಲೀಸರು, ಮುಚ್ಚಿದ ಅಂಗಡಿಗಳು. ಎಂತಹ ಊರು ನಿಮ್ಮದು, ಕೂಡಲೇ ಹೊರಟು ಬನ್ನಿ ಎಂದು ಬಂಧುಗಳು ದೂರವಾಣಿಯಲ್ಲಿ ಒತ್ತಾಯಿಸಿದರು. ಯಾರ ತಪ್ಪು ಎಷ್ಟು ಎಂಬ ವಿಚಾರಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಹೆಜ್ಜೆ ಹಾಕುವ ಸೀಮೆ ಇದು. ಶ್ರಾವಣದಲ್ಲಿ ಕಲಬುರಗಿಯ ಶರಣಬಸವೇಶ್ವರರ ಪುರಾಣ ಹಚ್ಚಿದರೆ ಹಿಂದಿನ ಸಾಲಿನಲ್ಲಿ ಟೋಪಿ ಹಾಕಿದ ಹಿರಿಯರೂ ಕುಳಿತು ಕೇಳಿದ್ದನ್ನು ನಾವು ಕಂಡಿದ್ದೇವೆ. ಆ ದಿನಗಳಲ್ಲಿ ನಾವು ಹೊರಡಲಿಲ್ಲ. ಊರು ಅಳುತ್ತಿರುವಾಗ ಬಿಟ್ಟು ಹೋದರೆ ಮುಂದೆ ಅದಕ್ಕೆ ಮುಖ ತೋರಿಸುವುದು ಹೇಗೆ ಎಂದು ಶ್ರೀಮತಿಯವರು ಹೇಳಿದರು. ಕೆಲವು ದಿನಗಳ ನಂತರ ಪಕ್ಕದ ಮನೆಯ ಮುಸಲ್ಮಾನ ತಾಯಿ ಎಂದಿನಂತೆ ಹಿತ್ತಲ ಗೋಡೆಯ ಮೇಲಿಂದ ಕರಿಬೇವು ಕೇಳಿದರು. ಇವರು ಕಿತ್ತು ಕೊಟ್ಟರು. ಇಬ್ಬರೂ ಮಾತನಾಡಲಿಲ್ಲ, ಇಬ್ಬರ ಕಣ್ಣುಗಳೂ ತುಂಬಿದ್ದವು.

ಊರು ಬಿಡುವುದು ಈ ಸೀಮೆಗೆ ಹೊಸದಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಾಗ ಹತ್ತಾರು ಹಳ್ಳಿಗಳು ನೀರಿನಡಿ ಸೇರಿದವು. ಹೊಸಪೇಟೆಯ ಕಡೆಯ ನಾರಾಯಣದೇವರಕೆರೆಯವರು ಮನೆಯಷ್ಟೇ ಅಲ್ಲ, ದೇವರನ್ನೂ ಜೊತೆಗೆ ಕರೆದುಕೊಂಡು ಮರಿಯಮ್ಮನಹಳ್ಳಿಗೆ ನಡೆದರು. ಆ ಜಲಾಶಯದಲ್ಲಿ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಇದಕ್ಕೆ ಪರಿಹಾರವಾಗಿ ನಮ್ಮ ತಾಲೂಕಿನ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ನೀರು ಬೇಡವೆನ್ನುವ ರೈತನಿಲ್ಲ. ಆದರೆ ಆ ಕಡೆಯ ಹಿರಿಯರೊಬ್ಬರು ನಮ್ಮ ಸಾಮಾನಿನ ಗಂಟುಗಳನ್ನು ಕಂಡು, "ನಿಮಗ ತಿರುಗಿ ಬಂದರ ಊರು ಇರ್ತದ್ರಿ, ಗುರುಗಳ" ಎಂದು ಹೇಳಿದ ಮಾತು ನಮ್ಮ ದುಃಖವನ್ನು ಬಹಳ ಚಿಕ್ಕದಾಗಿ ಮಾಡಿತು.

ಎಳ್ಳಮಾವಾಸ್ಯೆಯ ದಿನ ಗೆಳೆಯರ ಹೊಲದಲ್ಲಿ ಚರಗ ಚೆಲ್ಲಿ ಬಂದೆವು. ಬಿಳಿಜೋಳ ತೆನೆಗಟ್ಟುತ್ತಿತ್ತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕಡುಬು ಎಲ್ಲವನ್ನೂ ಬನ್ನಿ ಗಿಡದ ಬುಡದಲ್ಲಿ ಕುಳಿತು ಉಂಡೆವು. ಎಲ್ಲರೂ ನಮಗೆ ಒಂದು ತುತ್ತು ಹೆಚ್ಚು ಹಾಕಿದರು. ಉಣ್ಣುವಾಗ ಹೊರಡುವ ಮಾತನ್ನು ಯಾರೂ ತೆಗೆಯಲಿಲ್ಲ.

ಬೀಸುವ ಕಲ್ಲಿನ ವಿಷಯ ಮೊನ್ನೆ ತಾನಾಗಿಯೇ ಬಗೆಹರಿಯಿತು. ಪಕ್ಕದ ಮನೆಯ ಅದೇ ತಾಯಿ ಬಂದು, "ನನ್ನ ಹತ್ರ ಇಟ್ಟು ಹೋಗ್ರಿ ಅಕ್ಕ, ಬಂದಾಗ ಬೀಸೂಣಂತ" ಎಂದರು. ಹಿತ್ತಲ ಗೋಡೆಯ ಆಚೆಗೆ ಅದನ್ನು ಸಾಗಿಸಲು ನಾಲ್ವರು ಬೇಕಾದರು. ಈಗ ನಮ್ಮ ಪಡಸಾಲೆಯಲ್ಲಿ ಅದು ಇದ್ದ ಜಾಗದ ನೆಲ ಮಾತ್ರ ಬೇರೆ ಬಣ್ಣದ್ದಾಗಿ ಕಾಣುತ್ತದೆ.

ನಿನ್ನೆ ಸಂಜೆ ಹೊರಡುವ ದಿನದ ಬಸ್ಸಿನ ವ್ಯವಸ್ಥೆಯನ್ನು ವಿಚಾರಿಸಲು ಹೋಗಿದ್ದೆವು. ಗುಳೆಯ ಕಾಲವಾದ್ದರಿಂದ ನಿಲ್ದಾಣದ ತುಂಬ ಗಂಟುಗಳು, ಪಾತ್ರೆ, ಸಲಿಕೆ, ಬುಟ್ಟಿ, ನಿದ್ದೆ ತೂಗುವ ಮಕ್ಕಳು. ಒಬ್ಬ ತರುಣ ಎದ್ದು ಬಂದು ಪಾದ ಮುಟ್ಟಿದ. ನಮ್ಮ ಹಳೆಯ ವಿದ್ಯಾರ್ಥಿ. ನಾವೂ ಬೆಂಗಳೂರಿಗೇ ಹೋಗುವವರೆಂದು ತಿಳಿದು ಬೆರಗಾದ. "ನೀವೂ ಹೊಂಟ್ರೇನ್ರಿ ಸರ? ಯಾವ ಕಡೆ ಕೆಲಸ?" ಎಂದು ಕೇಳಿಬಿಟ್ಟ. ಕೇಳಿ ನಾಲಿಗೆ ಕಚ್ಚಿಕೊಂಡ. ಮಗನ ಮನೆಯಿರುವ ಬಡಾವಣೆಯ ಹೆಸರು ಹೇಳಿದೆವು. ಅವನ ಮುಖ ಅರಳಿತು. "ಅಲ್ಲೇ ಸಮೀಪ ಹೊಸ ಕಟ್ಟಡ ಏಳಾಕತ್ತೇತ್ರಿ, ನಮ್ಮ ಶೆಡ್ಡು ಅದರ ಹಿಂದ. ನಮ್ಮ ಮನಿಯಾಕಿ ಸಜ್ಜಿ ರೊಟ್ಟಿ ಮಾಡ್ತಾಳ್ರಿ. ಅಮ್ಮಾರಿಗೆ ಊರಿನ ರೊಟ್ಟಿ ಬೇಕನಿಸಿದರ ಒಂದು ಫೋನ್ ಮಾಡ್ರಿ" ಎಂದ.

ಜೇಬಿನಲ್ಲಿದ್ದದ್ದು ಪೆನ್ಸಿಲು ಮಾತ್ರ. ಅವನ ಸಂಖ್ಯೆಯನ್ನು ಅದರಿಂದಲೇ ಬರೆದುಕೊಂಡು ಬಂದೆವು. ಮನೆಗೆ ಬಂದ ಮೇಲೆ ಶ್ರೀಮತಿಯವರು ಕಟ್ಟಿಟ್ಟ ಪೆಟ್ಟಿಗೆಯೊಂದನ್ನು ಬಿಚ್ಚಿ ಪೆನ್ನು ಹುಡುಕಿ ತೆಗೆದು, ಅದರ ಮೇಲೆ ಶಾಯಿಯಿಂದ ತಿದ್ದಿದರು.