ಮನಿಲಾದಲ್ಲೊಂದು ಭಾನುವಾರದ ಗುದ್ದಾಟ

"ಹೆಂಗಸರಿಗೇಕಮ್ಮಾ ಈ ಬಾಕ್ಸಿಂಗ್ ಹುಚ್ಚು?" ಎಂದು ನಗಬೇಡಿ. ಫಿಲಿಪ್ಪೀನ್ಸ್ ದೇಶದಲ್ಲಿ ಮ್ಯಾನಿ ಪಕಿಯಾವೊ ಕಣಕ್ಕಿಳಿದನೆಂದರೆ ಸಾಕು, ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದವು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಟಿ.ವಿ. ಮುಂದೆ!

2015ರ ಮೇ 3, ಭಾನುವಾರ. ಮನಿಲಾದ ಮಗಳ ಮನೆಗೆ ಹೋಗಿದ್ದ ನಾನೂ ನೆರೆಯವರ ಜೊತೆ ಬಡಾವಣೆಯ ಆಟದಂಗಳಕ್ಕೆ ಹೊರಟೆ. ತಗಡಿನ ಚಾವಣಿ, ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ದೊಡ್ಡ ಪರದೆ. ಕಾಳಗ ಅಮೆರಿಕದ ಲಾಸ್ ವೇಗಾಸ್‌ನಲ್ಲಿ. ಅಲ್ಲಿ ಶನಿವಾರ ರಾತ್ರಿ, ಇಲ್ಲಿ ಭಾನುವಾರ ಮಧ್ಯಾಹ್ನ. ಪಕ್ಕದಾಕೆ ನನ್ನ ಕೈಗೆ 'ಪುಟೊ' ಇಟ್ಟರು. ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ್ದು, ಕೊಂಚ ಸಿಹಿ. ನಮ್ಮ ಇಡ್ಲಿಯ ತಂಗಿ ಅನ್ನಿ! ಒಂದು ಸುತ್ತಿಗೆ ಮೂರು ನಿಮಿಷ, ನಡುವೆ ಒಂದೇ ನಿಮಿಷ ವಿಶ್ರಾಂತಿ. ತಿನ್ನುವುದೂ ಉಸಿರು ಬಿಡುವುದೂ ಅಷ್ಟರಲ್ಲೇ.

ಹನ್ನೆರಡು ಸುತ್ತಾದ ಮೇಲೆ ಮೂವರು ತೀರ್ಪುಗಾರರೂ ಮೇವೆದರ್ ಗೆದ್ದನೆಂದರು. ಗಂಡಸರ ಮುಖ ಸಪ್ಪಗಾಯಿತು. ಪಕ್ಕದಾಕೆ ಮಾತ್ರ, "ನಡಕೊಂಡು ಹೊರಗೆ ಬಂದನಲ್ಲ, ಅಷ್ಟೇ ಸಾಕು" ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. 2012ರಲ್ಲಿ ಮಾರ್ಕೆಜ್‌ನ ಗುದ್ದಿಗೆ ಪಕಿಯಾವೊ ಬೋರಲು ಬಿದ್ದದ್ದನ್ನೂ ಅವನ ಹೆಂಡತಿ ಅತ್ತದ್ದನ್ನೂ ಆಕೆ ಮರೆತಿರಲಿಲ್ಲ.

ಮನಿಲಾಕ್ಕೆ ಅಂಟಿಕೊಂಡೇ ಇದೆ ಕೆಜಾನ್ ಸಿಟಿ. ಅಲ್ಲಿನ ಅರಾನೆಟಾ ಕೊಲಿಸಿಯಂ ಎಂಬ ಗುಮ್ಮಟದ ಕ್ರೀಡಾಂಗಣಕ್ಕೂ ಮಗಳು ಕರೆದೊಯ್ದಳು. 1975ರ ಅಕ್ಟೋಬರ್ 1ರಂದು ಮಹಮ್ಮದ್ ಅಲಿ, ಜೋ ಫ್ರೇಜಿಯರ್ ವಿಶ್ವ ಪ್ರಶಸ್ತಿಗಾಗಿ ಸೆಣಸಿದ್ದು ಅಲ್ಲೇ. ಅಮೆರಿಕದವರು ರಾತ್ರಿ ಟಿ.ವಿ.ಯಲ್ಲಿ ನೋಡಲೆಂದು ಇಲ್ಲಿ ಬೆಳಿಗ್ಗೆಯೇ ಪಂದ್ಯ ಇಟ್ಟರು. ಒಳಗೆ ಬೇಯಿಸುವಂಥ ಸೆಕೆ! 14 ಸುತ್ತು ಮುಗಿಯುವ ಹೊತ್ತಿಗೆ ಫ್ರೇಜಿಯರ್‌ನ ಕಣ್ಣು ಊದಿ ಮುಚ್ಚಿಕೊಂಡಿದ್ದವು. ಉಳಿದದ್ದು ಒಂದೇ ಸುತ್ತು. ಅವನೇನೋ ಆಡುತ್ತೇನೆಂದು ಹಟ ಹಿಡಿದ; ಗುರು ಎಡ್ಡಿ ಫಚ್ ಮಾತ್ರ ಸಾಕೆಂದು ನಿಲ್ಲಿಸಿಬಿಟ್ಟರು. ಅಲಿ ಗೆದ್ದ. 1976ರಲ್ಲಿ ಹತ್ತಿರದಲ್ಲೇ ಅವನ ಹೆಸರಿನ 'ಅಲಿ ಮಾಲ್' ಎಂಬ ದೊಡ್ಡ ಅಂಗಡಿ ಸಮುಚ್ಚಯವೂ ಆಯಿತು. ಆದರೆ ಮನೆಗೆ ಬಂದು ಆ ಹಳೆಯ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿದಾಗ ನನ್ನ ಮನಸ್ಸಿನಲ್ಲಿ ನಿಂತವರು ಆ ಗುರುವೇ.

ಮನೆಯಲ್ಲಿ ಮಕ್ಕಳು ಬಾಕ್ಸಿಂಗ್ ನೋಡುತ್ತಿದ್ದರೆ ಥಟ್ಟನೆ ಟಿ.ವಿ. ಆರಿಸಬೇಡಿ. ಜೊತೆಗೆ ಕೂತು ಆ ಒಂದು ನಿಮಿಷದ ವಿಶ್ರಾಂತಿಯಲ್ಲಿ ಮೂಲೆಯ ಕಡೆ ನೋಡಿ. ನೀರು ಕುಡಿಸಿ, ಗಾಯ ಒರೆಸಿ, ಬೇಕಾದಾಗ ಸಾಕೆನ್ನುವ ಕೆಲಸ ಅಲ್ಲಿ ನಡೆಯುತ್ತಿರುತ್ತದೆ. ಅದು ನಮಗೇನು ಹೊಸದೇ, ಹೇಳಿ?