ಒಳಜೇಬಿನ ಹೆಸರು

ಲಂಡನ್ನಿಗೆ ಹೋಗಿಬಂದವರು ಥೇಮ್ಸ್ ನದಿಯ ಸೇತುವೆಗಳನ್ನೂ ಅರಮನೆಯ ಪಹರೆಯವರ ಠೀವಿಯನ್ನೂ ಬಣ್ಣಿಸುವುದು ವಾಡಿಕೆ. ಅವನ್ನೆಲ್ಲ ನಾನು ನೋಡಲಿಲ್ಲವೆಂದಲ್ಲ. ಆದರೆ ಆ ನಗರದಲ್ಲಿ ಕಳೆದ ಮೂರು ವಾರಗಳಿಂದ ನನ್ನ ಮನಸ್ಸಿನಲ್ಲಿ ಉಳಿದುಬಂದದ್ದು ಒಂದು ಹಳೆಯ ಕೋಟು. ಅದನ್ನು ನಾನು ಕೊಳ್ಳಲಿಲ್ಲ. ಆದರೂ ಅದರ ಸಂಗತಿಯನ್ನು ವಾಚಕರ ಮುಂದಿಡಬೇಕೆನಿಸಿದೆ.

ನಾನು ಹೋಗಿದ್ದುದು ಬ್ರಿಟಿಷ್ ಲೈಬ್ರರಿಯಲ್ಲಿರುವ ಕೆಲವು ಹಳೆಯ ಕನ್ನಡ ಪುಸ್ತಕಗಳನ್ನು ನೋಡುವುದಕ್ಕೆ. ಇಳಿದುಕೊಂಡಿದ್ದುದು ಚಿಕ್ಕಪ್ಪನ ಮಗನ ಮನೆಯಲ್ಲಿ. ಒಂದು ಶುಕ್ರವಾರ ಅವನು, “ಅಣ್ಣ, ದಿನವೂ ಪುಸ್ತಕದ ಧೂಳು ಕುಡಿದದ್ದು ಸಾಕು. ಇವತ್ತು ಬಟ್ಟೆಯ ಧೂಳು ಕುಡಿಯೋಣ ಬಾ” ಎಂದು ಪೋರ್ಟೊಬೆಲ್ಲೊ ರಸ್ತೆಗೆ ಕರೆದುಕೊಂಡು ಹೋದ.

ನಾಟಿಂಗ್ ಹಿಲ್ ಬಡಾವಣೆಯಲ್ಲಿ ಉದ್ದಕ್ಕೂ ಇಳಿಯುತ್ತ ಹೋಗುವ ಬೀದಿ ಅದು. ಮೇಲಿನ ತುದಿಯಲ್ಲಿ ಪುರಾತನ ವಸ್ತುಗಳ ಅಂಗಡಿಗಳು. ಶನಿವಾರ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ನಡುವೆ ಹಣ್ಣು ತರಕಾರಿಯ ಗಾಡಿಗಳು. ಇನ್ನೂ ಮುಂದೆ ಹೋದರೆ, 1970ರಲ್ಲಿ ಸಂಚಾರಕ್ಕೆ ತೆರೆದ ವೆಸ್ಟ್‌ವೇ ಎಂಬ ಮೇಲುರಸ್ತೆಯ ಕೆಳಗೆ ಹಳೆಯ ಉಡುಪುಗಳ ಸಂತೆ. ತಲೆಯ ಮೇಲೆ ಮೋಟಾರುಗಳು ಗುಡುಗುತ್ತಿರುತ್ತವೆ. ಕೆಳಗೆ ಸಾಲುಸಾಲಾಗಿ ತೂಗುಹಾಕಿದ ಕೋಟುಗಳು, ತಮ್ಮೊಳಗಿದ್ದ ಮನುಷ್ಯರನ್ನು ಎಲ್ಲಿಯೋ ಬಿಟ್ಟುಬಂದಂತೆ ನಿಂತಿರುತ್ತವೆ.

ನಾನೊಂದು ಕೋಟಿನ ಬಣ್ಣವನ್ನು ಮೆಚ್ಚಿ ತೋಳನ್ನು ಸವರುತ್ತಿದ್ದೆ. ಅಂಗಡಿಯವನು ಎಪ್ಪತ್ತರ ಸಮೀಪದ ಮುದುಕ. ನಕ್ಕು, “ನೀವು ಪುಸ್ತಕ ಕೊಳ್ಳುವಾಗ ರಟ್ಟನ್ನು ಮಾತ್ರ ನೋಡುತ್ತೀರಾ? ಒಳಗೆ ತೆರೆದು ನೋಡಿ” ಎಂದ. ನನ್ನ ಕಸುಬು ಅವನಿಗೆ ಹೇಗೆ ತಿಳಿಯಿತೋ ಕಾಣೆ. ಗಿರಾಕಿಗಳು ವಿರಳವಾಗಿದ್ದುದರಿಂದ ಅರ್ಧ ಗಂಟೆ ನನಗೆ ಪಾಠವನ್ನೇ ಹೇಳಿದ.

ಬಳಸಿದ ಬಟ್ಟೆಯೆಲ್ಲ ಹಳೆಯ ಬಟ್ಟೆಯಲ್ಲ ಎಂಬುದು ಮೊದಲನೆಯ ಪಾಠ. ತೊಳೆಯುವ ಕ್ರಮವನ್ನು ತಿಳಿಸುವ ಪುಟ್ಟ ಚಿತ್ರಗಳ ಪಟ್ಟಿ ಒಳಗೆ ಹೊಲಿದಿದ್ದರೆ, ಆ ಉಡುಪು 1960ರ ದಶಕಕ್ಕಿಂತ ಹಿಂದಿನದಾಗಿರಲಾರದು. ಟೆರಿಲಿನ್ ಎಂಬ ಹೆಸರಿದ್ದರೂ ಹಾಗೆಯೇ. ನಮ್ಮ ತಂದೆಯವರ ಪೀಳಿಗೆ ಹೆಮ್ಮೆಯಿಂದ ತೊಟ್ಟ ಆ ನೂಲನ್ನು ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಕಂಡುಹಿಡಿದದ್ದು 1941ರಲ್ಲಿ. ಅಂಗಡಿಗಳಿಗೆ ಬಂದದ್ದು 1950ರ ದಶಕದಲ್ಲಿ. ಷರಾಯಿಯ ಮುಂಭಾಗದಲ್ಲಿ ಜಿಪ್ಪಿನ ಬದಲು ಗುಂಡಿಗಳಿದ್ದರೆ ಅದು ಹಳೆಯದಿರಬಹುದೆಂಬ ಸೂಚನೆ. ಆದರೆ ಈಗಲೂ ಗುಂಡಿ ಹಾಕುವವರಿದ್ದಾರಾದ್ದರಿಂದ ಅದೊಂದನ್ನೇ ನಂಬಬಾರದು. “ಒಂದು ಸಾಕ್ಷಿ ಸಾಲದು, ಮೂರು ಬೇಕು” ಎಂದ ಮುದುಕ. ಶಾಸನದ ಕಾಲವನ್ನು ನಿರ್ಣಯಿಸುವಾಗ ನಮ್ಮ ಮೇಷ್ಟರುಗಳು ಹೇಳುತ್ತಿದ್ದುದೂ ಇದೇ ಅಲ್ಲವೇ?

ಎರಡನೆಯ ಪಾಠ ಮುದ್ರೆಗಳದು. ಬೂದುಬಣ್ಣದ ಕೋಟೊಂದರ ಒಳಗೆ ತುಂಡು ಕತ್ತರಿಸಿದ ರೊಟ್ಟಿಯಂತಹ ಎರಡು ‘ಸಿ’ ಅಕ್ಷರಗಳೂ ಅವುಗಳ ಪಕ್ಕದಲ್ಲಿ 41 ಎಂಬ ಅಂಕೆಯೂ ಇದ್ದವು. ಅದು ಯುದ್ಧಕಾಲದ ಸರಕಾರಿ ಗುರುತು. 1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂದಿತು. ಮೊದಲ ವರ್ಷ ಒಬ್ಬೊಬ್ಬರಿಗೂ 66 ಕೂಪನ್. ಗಂಡಸರ ಉಣ್ಣೆಯ ಸೂಟೊಂದಕ್ಕೇ 26 ಕೂಪನ್ ತೆರಬೇಕಾಗಿತ್ತು. ಬಟ್ಟೆ ಉಳಿಸುವುದಕ್ಕಾಗಿ 1942ರಲ್ಲಿ ಷರಾಯಿಯ ಕಾಲಿನ ತುದಿಯ ಮಡಿಕೆಯನ್ನೇ ನಿಷೇಧಿಸಿದರು. ಜನರೇನು ಸಾಮಾನ್ಯರೇ! ಬೇಕೆಂದೇ ಉದ್ದವಾದ ಷರಾಯಿಯನ್ನು ಕೊಂಡು ಮನೆಯಲ್ಲಿ ಮಡಿಸಿ ಹೊಲಿಸಿಕೊಳ್ಳುತ್ತಿದ್ದರಂತೆ. 1944ರಲ್ಲಿ ಆ ನಿಷೇಧ ಹೋಯಿತು, 1949ರಲ್ಲಿ ಬಟ್ಟೆಯ ರೇಷನ್ನೇ ಹೋಯಿತು. ಈ ಗುರುತು ಮಾತ್ರ 1952ರವರೆಗೂ ನಡೆದುಬಂದಿತು. ಆದ್ದರಿಂದ ಅದು ಕಂಡ ಉಡುಪಿನ ಕಾಲ ಹತ್ತು ಹನ್ನೊಂದು ವರ್ಷಗಳ ಅವಧಿಯೊಳಗೆ ಸಿಕ್ಕಿಬಿಡುತ್ತದೆ.

ಗೋಳದ ಮೇಲೆ ಶಿಲುಬೆಯಿರುವ ಇನ್ನೊಂದು ಮುದ್ರೆ ಹ್ಯಾರಿಸ್ ಟ್ವೀಡ್ ಬಟ್ಟೆಯದು. ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ನೇಕಾರರು ತಮ್ಮ ಮನೆಗಳಲ್ಲಿಯೇ ನೇಯುವ ಒರಟು ಉಣ್ಣೆ ಅದು. ಇಳಕಲ್ಲಿನ ಮಗ್ಗದ ಮನೆಗಳು ನನಗೆ ನೆನಪಾದವು. ಈ ಮುದ್ರೆ 1910ರಲ್ಲಿ ನೋಂದಣಿಯಾದದ್ದು, 1993ರ ಶಾಸನದ ರಕ್ಷಣೆಯೂ ಆ ಬಟ್ಟೆಗಿದೆ. ಆದರೆ ಇಂದಿಗೂ ಅದು ಬಳಕೆಯಲ್ಲಿರುವುದರಿಂದ ಬಟ್ಟೆ ಅಸಲಿಯೆಂಬುದನ್ನು ಸಾರುತ್ತದೆಯೇ ಹೊರತು ಅದರ ವಯಸ್ಸನ್ನು ಹೇಳುವುದಿಲ್ಲ.

ಮೂರನೆಯ ಪಾಠ ಕೊಳ್ಳುವವರಿಗೆ. ಕೋಟನ್ನು ಬೆಳಕಿಗೆ ಹಿಡಿದು ನೋಡಬೇಕು. ಹುಳು ತಿಂದ ತೂತು ನಕ್ಷತ್ರದಂತೆ ಹೊಳೆಯುತ್ತದೆ. ಕಂಕುಳಿನ ಒಳಬಟ್ಟೆ ಹರಿದಿದೆಯೇ ಎಂದು ಪರೀಕ್ಷಿಸಬೇಕು. ಕಾಜಗಳ ಹಿಂಬದಿಯಲ್ಲಿ ಹೊಲಿಗೆ ಒಂದಿಷ್ಟು ಏರುಪೇರಾಗಿದ್ದರೆ ಅದು ಯಂತ್ರದ್ದಲ್ಲ, ಕೈಯದು. ಚೀಟಿಯ ಮೇಲಿನ ಅಳತೆಯನ್ನು ನಂಬದೆ ಟೇಪು ಹಿಡಿದು ಅಳೆಯಬೇಕು. ಸೊಂಟವನ್ನು ದರ್ಜಿ ಸರಿಪಡಿಸಬಲ್ಲ, ತೋಳನ್ನೂ ಗಿಡ್ಡ ಮಾಡಬಲ್ಲ; ಹೆಗಲನ್ನು ತಿದ್ದುವುದು ಮಾತ್ರ ಬಹು ಕಷ್ಟ.

ಕೊನೆಗೆ ಮುದುಕ ಗಾಢನೀಲಿ ಬಣ್ಣದ ಭಾರವಾದ ಕೋಟೊಂದನ್ನು ತೆಗೆದು ನನ್ನ ಕೈಗಿತ್ತು, “ಒಳಜೇಬನ್ನು ಹೊರಳಿಸಿ” ಎಂದ. ಜೇಬಿನ ಒಳಮಗ್ಗುಲಿಗೆ ಒಂದು ಬಟ್ಟೆಯ ಚೀಟಿ ಹೊಲಿದಿತ್ತು. ಅದರಲ್ಲಿ ಮಸಿಯಿಂದ ಬರೆದ ಒಬ್ಬ ಗೃಹಸ್ಥನ ಹೆಸರು, ಅದರ ಕೆಳಗೆ 1954ನೆಯ ಇಸವಿಯ ಮಾರ್ಚ್ ತಿಂಗಳ ಒಂದು ತಾರೀಖು. ಸೆವಿಲ್ ರೋ ಬೀದಿಯಂತಹ ಕಡೆ ಅಳತೆ ತೆಗೆದು ಹೊಲಿಯುವ ದರ್ಜಿಗಳು ಗಿರಾಕಿಯ ಹೆಸರನ್ನೂ ದಿನಾಂಕವನ್ನೂ ಹೀಗೆ ಗುಟ್ಟಾಗಿ ಬರೆದಿಡುವ ಪದ್ಧತಿಯುಂಟು. ನಮ್ಮ ಓಲೆಗರಿಯ ಕೊನೆಯಲ್ಲಿ ಪ್ರತಿಕಾರನು ಸಂವತ್ಸರ, ಮಾಸ, ತಿಥಿಗಳನ್ನು ಬರೆದು ಕೈಮುಗಿಯುವುದಿಲ್ಲವೇ, ಹಾಗೆ.

ತೊಟ್ಟು ನೋಡಿದೆ. ಹೆಗಲು ನನಗಿಂತ ಎರಡಂಗುಲ ಅಗಲ. ತಮ್ಮ ಮೆಲ್ಲಗೆ ಕನ್ನಡದಲ್ಲಿ, “ಸತ್ತವರ ಬಟ್ಟೆ ಅಣ್ಣ. ದೊಡ್ಡಮ್ಮನಿಗೆ ಗೊತ್ತಾದರೆ ಬಾಗಿಲಲ್ಲೇ ಸ್ನಾನ ಮಾಡಿಸುತ್ತಾರೆ” ಎಂದ. ನಾನು ನಗಲಿಲ್ಲ. ಕೋಟನ್ನು ಕಳಚಿ ಮುದುಕನಿಗೆ ಹಿಂದಿರುಗಿಸಿದೆ. ನನಗೆ ಆಗ ಕಣ್ಣಿಗೆ ಕಟ್ಟಿದ್ದುದು ಬೇರೊಂದು ಕೋಟು.

ನಮ್ಮ ತಾತ ಮೈಸೂರಿನ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ಮದುವೆಗೆಂದು ಹೊಲಿಸಿದ ಕಪ್ಪು ಉಣ್ಣೆಯ ಮುಚ್ಚುಕೋಟು ಅವರಿಗಿದ್ದ ಒಂದೇ ಕೋಟು. ತನಿಖೆಯ ಅಧಿಕಾರಿ ಬಂದ ದಿನ, ಮಕ್ಕಳ ಮದುವೆಯ ದಿನ, ಪಿಂಚಣಿಯ ದಿನ, ಎಲ್ಲಕ್ಕೂ ಅದೇ. ಅವರು ತೀರಿಕೊಂಡ ವರ್ಷ ಪಾತ್ರೆಯವಳೊಬ್ಬಳು ಬೀದಿಯಲ್ಲಿ ಕೂಗುತ್ತ ಬಂದಳು. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಅಮ್ಮ ಅವಳ ಮುಂದೆ ಹಾಕಿದರು. ಕೋಟನ್ನು ಕಂಡ ಮೇಲೆಯೇ ಅವಳು ಚೌಕಾಶಿಯನ್ನು ನಿಲ್ಲಿಸಿದ್ದು. ನಾನು ಆಗ ಎಂಟು ವರ್ಷದವನು. ಸ್ಟೀಲಿನ ಡಬರಿ ಬಂದಿತೆಂದು ಕುಣಿದಾಡಿದೆ. ಹಳೆಯ ಉಣ್ಣೆ ಪಾಣಿಪತ್ತಿನ ಗಿರಣಿಗಳಲ್ಲಿ ಸೀಳಿ ನೂಲಾಗಿ ಮತ್ತೆ ಕಂಬಳಿಯಾಗುತ್ತದೆಂದು ಈಗ ಬಲ್ಲೆ. ಆ ಕೋಟು ಹೋದ ದಾರಿಯನ್ನು ಮಾತ್ರ ಯಾರು ಬಲ್ಲರು?

ಆ ರಾತ್ರಿ ಅಮ್ಮನಿಗೆ ಫೋನು ಮಾಡಿ, “ತಾತನ ಕೋಟಿನ ಜೇಬಿನಲ್ಲಿ ಏನಾದರೂ ಬರೆದಿತ್ತೇನಮ್ಮ?” ಎಂದು ಕೇಳಿದೆ.

“ಎಂಥದೋ ಒಂದು ಚೀಟಿ ಹೊಲಿದಿತ್ತು ಕಣೋ. ದರ್ಜಿಯದೋ ಏನೋ. ಅದನ್ನು ಯಾರು ಓದಿದರು?” ಎಂದರು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಡಬರಿ ಇದೆಯಲ್ಲ, ಬಂದಾಗ ನೋಡು” ಎಂದರು.

ಊರಿಗೆ ಬಂದವನು ಮೊದಲು ಅಡಿಗೆಮನೆಗೆ ಹೋದೆ. ಮೂವತ್ತು ವರ್ಷಗಳ ಹತ್ತಿರ ಹಾಲು ಕಾಸಿದ ಪಾತ್ರೆ ಅದು. ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದೆ. ಅಂಚಿನ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು: ತಾತನ ಹೆಸರು, ಪಕ್ಕದಲ್ಲಿ ತಾರೀಖು. ಪಾತ್ರೆ ಕೊಂಡ ಮರುದಿನ ಅಮ್ಮನೇ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬಂದಿದ್ದರಂತೆ. ಇಷ್ಟು ವರ್ಷ ಅದೇ ಪಾತ್ರೆಯ ಹಾಲು ಕುಡಿದ ನಾನು ಒಂದು ದಿನವೂ ಅದನ್ನು ಓದಿರಲಿಲ್ಲ.