ಬೈಯಪ್ಪನಹಳ್ಳಿಯಿಂದ ಭೀಮೇಶ್ವರಿಗೆ

ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಆರಂಭವಾದ ರೈಲು ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಡಲಾಗಿದೆ. ಕನ್ನಂಬಾಡಿ ಕಟ್ಟೆಯ ನಿರ್ಮಾಣಕ್ಕೆ ಮುಂದಾದವರೂ ಅವರೇ. ಇಲ್ಲಿನ ಮನೆಗಳ ನಲ್ಲಿಗೆ ಬರುವುದು ಅದೇ ಕಾವೇರಿಯ ನೀರು. ಆ ನದಿಯನ್ನು ನೋಡಬಯಸುವವರು ಕನಕಪುರ, ಹಲಗೂರುಗಳನ್ನು ದಾಟಿ ಭೀಮೇಶ್ವರಿಗೆ ಹೋಗಬೇಕು.

ಮತ್ಸ್ಯಾಹಾರ ನಮ್ಮ ಮನೆಗಳಿಗೆ ಸಲ್ಲದು. ಮೀನಿನ ಸಂಗತಿಯೂ ಸಲ್ಲದೆ? ಭೀಮೇಶ್ವರಿಯ ಮಡುಗಳಲ್ಲಿ ಒಂದು ಕಾಲಕ್ಕೆ ಗೂನುಬೆನ್ನಿನ, ಕಿತ್ತಳೆ ಬಣ್ಣದ ರೆಕ್ಕೆಯ ಬಿಳಿ ಮೀನು, ಎಂದರೆ ಮಹಶೀರ್, ಹೇರಳವಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು! ದೇಶವಿದೇಶಗಳ ಗಾಳದವರು ಇಲ್ಲಿನ ಶಿಬಿರಗಳಿಗೆ ಬಂದು, ಹಿಡಿದು, ತೂಗಿ, ಮರಳಿ ನೀರಿಗೆ ಬಿಡುತ್ತಿದ್ದರು. ಇದೆಂತಹ ವಿನೋದವೋ ಎನಿಸಬಹುದು. ಆದರೆ ಅವರು ಬರೆದಿಟ್ಟ ಲೆಕ್ಕದ ಪುಸ್ತಕಗಳೇ ಮುಂದೆ ಸಾಕ್ಷಿಯಾದವು.

1970ರ ದಶಕದ ನಂತರ, ಲೋಣಾವಳದಲ್ಲಿ ಮರಿಮಾಡಿದ ನೀಲಿ ರೆಕ್ಕೆಯ ಮಹಶೀರನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಆ ಪುಸ್ತಕಗಳಲ್ಲಿ ನೀಲಿ ರೆಕ್ಕೆಯದರ ಸಂಖ್ಯೆ ಏರುತ್ತ ಹೋದಂತೆ ಮೂಲನಿವಾಸಿಯದು ಇಳಿದು ಬಹುತೇಕ ಇಲ್ಲವಾಯಿತು. ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದಿನ ಬೇಟೆ ಉಳಿದ ಕೇಡನ್ನು ಮಾಡಿದವು. ಈ ಮೀನಿಗೆ ಶಾಸ್ತ್ರೀಯ ಹೆಸರು ಕೂಡ ಖಚಿತವಾಗಿರಲಿಲ್ಲ. ಮೋಯಾರ್ ನದಿಯಲ್ಲಿ ದೊರೆತ ಮೀನುಗಳನ್ನು ಪರೀಕ್ಷಿಸಿ, ಇದು ಟಾರ್ ರೆಮಾದೇವಿ ಎಂದು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು.